ಮನೆಬಾಗಿಲಿಗೆ ಬಂದ ಎರಡು ಶಾಸ್ತ್ರಗಳು

ದೇಶ ಸುತ್ತು, ಇಲ್ಲವೆ ಕೋಶ ಓದು ಎಂಬುದು ನಮ್ಮ ಹಿರಿಯರ ಮಾತು. ವಿದ್ಯೆಗೆ ದಾರಿ ಎರಡೇ ಎಂದು ಅವರು ತಿಳಿದಿದ್ದರು; ಒಂದು ಕಾಲ್ನಡಿಗೆಯದು, ಇನ್ನೊಂದು ಪುಸ್ತಕದ್ದು. ಯಾವ ದಾರಿಯನ್ನು ಹಿಡಿದರೂ ಮನೆಯನ್ನು ಬಿಟ್ಟು ಹೊರಡುವುದು ಮಾತ್ರ ತಪ್ಪುತ್ತಿರಲಿಲ್ಲ. ಏಕೆಂದರೆ ಕೋಶವು ಇರುತ್ತಿದ್ದುದು ಗುರುವಿನ ಮನೆಯಲ್ಲಿ, ಮಠದಲ್ಲಿ, ಇಲ್ಲವೆ ದೂರದ ಪಟ್ಟಣದ ಕಾಲೇಜಿನಲ್ಲಿ. ವಿದ್ಯೆಯೇ ಮನೆಯನ್ನು ಹುಡುಕಿಕೊಂಡು ಬರುವುದೆಂಬುದು ಹೊಸ ಕಾಲದ ಮಾತು. ಅಂಚೆ ಬಂದಿತು, ರೇಡಿಯೋ ಬಂದಿತು, ಈಗ ಅಂಗೈಯಗಲದ ಮೊಬೈಲ್ ಫೋನಿನಲ್ಲಿಯೇ ಪದವಿ ತರಗತಿಯ ಪಾಠ ಬರುತ್ತಿದೆ.

ಹೀಗೆ ಮನೆಗೆ ಬಂದ ವಿದ್ಯೆಗಳಲ್ಲಿ ಎರಡರ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಒಂದು ಮನಶ್ಶಾಸ್ತ್ರ, ಇನ್ನೊಂದು ಸಮಾಜಶಾಸ್ತ್ರ. ಒಬ್ಬ ಮನುಷ್ಯನ ಒಳಗೆ ಏನು ನಡೆಯುತ್ತದೆ ಎಂದು ಮೊದಲನೆಯದು ಕೇಳುತ್ತದೆ. ಹತ್ತು ಮನುಷ್ಯರ ನಡುವೆ ಏನು ನಡೆಯುತ್ತದೆ ಎಂದು ಎರಡನೆಯದು ಕೇಳುತ್ತದೆ. ಬಹುಕಾಲ ಜೊತೆಯಾಗಿ ನಡೆದು ಬಂದ ಈ ಎರಡು ಶಾಸ್ತ್ರಗಳು, ದೂರಶಿಕ್ಷಣದ ಮಟ್ಟಿಗೆ, 2025ರಲ್ಲಿ ಬೇರೆ ಬೇರೆ ದಾರಿ ಹಿಡಿಯಬೇಕಾಯಿತು. ಅದು ಏಕೆ, ಅದರಿಂದ ಯಾರಿಗೆ ಏನಾಯಿತು ಎಂಬುದನ್ನು ತಿಳಿಯಬೇಕಾದರೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾದುದು 1916ರ ಜುಲೈ 27ರಂದು. ಅದೇ ವರ್ಷ ಕಲ್ಕತ್ತೆಯಲ್ಲಿ ಮನಶ್ಶಾಸ್ತ್ರಕ್ಕೆಂದು ಪ್ರತ್ಯೇಕ ವಿಭಾಗವೊಂದು ಆರಂಭವಾಗಿತ್ತು. ಕಲ್ಕತ್ತೆಯಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರಕ್ಕೆ 1905ರಷ್ಟು ಹಿಂದೆಯೇ ಪಠ್ಯಕ್ರಮವನ್ನು ರಚಿಸಿದ್ದ ಆಚಾರ್ಯ ಬ್ರಜೇಂದ್ರನಾಥ ಸೀಲರು 1921ರಲ್ಲಿ ಮೈಸೂರಿಗೆ ಉಪಕುಲಪತಿಗಳಾಗಿ ಬಂದರು. ಅವರ ಕಾಲದಲ್ಲಿ, 1924ರಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವು ತೆರೆಯಿತು. ಅದನ್ನು ಕಟ್ಟಿದವರು ಡಾ. ಎಂ. ವಿ. ಗೋಪಾಲಸ್ವಾಮಿ. ಇವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಮನಶ್ಶಾಸ್ತ್ರಜ್ಞರ ಬಳಿ ಅಭ್ಯಾಸ ಮಾಡಿ ಬಂದವರು. ಮನುಷ್ಯನ ಬುದ್ಧಿಯನ್ನು ಅಳೆಯುವುದು ಹೇಗೆ, ಮರೆವು ಯಾವ ವೇಗದಲ್ಲಿ ನಡೆಯುತ್ತದೆ, ಕಣ್ಣು ಯಾವಾಗ ಮೋಸಹೋಗುತ್ತದೆ ಎಂಬ ಪ್ರಶ್ನೆಗಳನ್ನು ಮಾತಿನ ವಾದದಿಂದಲ್ಲದೆ ಪ್ರಯೋಗದಿಂದ ಬಿಡಿಸುವ ಪದ್ಧತಿಯನ್ನು ಅವರು ಮೈಸೂರಿನಲ್ಲಿ ನೆಲೆಗೊಳಿಸಿದರು.

ಈ ಪತ್ರಿಕೆಯನ್ನು ಓದುವ ಮನೆಗಳಿಗೆ ಗೋಪಾಲಸ್ವಾಮಿಯವರ ಇನ್ನೊಂದು ಉಪಕಾರವನ್ನು ವಿವರಿಸಿ ಹೇಳಬೇಕಾಗಿಲ್ಲ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಲ್ಲಿಯೇ, ಕೇವಲ 30 ವಾಟ್ ಶಕ್ತಿಯ ಪ್ರೇಷಕವನ್ನಿಟ್ಟುಕೊಂಡು, ಅವರು ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರದ ಹೆಸರು ‘ಆಕಾಶವಾಣಿ’. ಸ್ವಂತ ಹಣವನ್ನೂ ಊರವರ ನೆರವನ್ನೂ ಕೂಡಿಸಿ ಕೆಲವು ವರ್ಷ ಅದನ್ನು ಅವರು ನಡೆಸಿದರು. 1940ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಂಡಿತು. ಮುಂದೆ ಇಡೀ ದೇಶದ ರೇಡಿಯೋ ಸಂಸ್ಥೆಗೇ ಆ ಹೆಸರು ನಿಂತಿತು.

ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರು ರೇಡಿಯೋ ಕೇಂದ್ರವನ್ನು ಕಟ್ಟಿದ್ದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ತರಗತಿಯ ಕೋಣೆಯಲ್ಲಿ ಹಿಡಿಸುವ ಜನ ಎಷ್ಟು? ಬಾಗಿಲ ಹೊರಗೆ ಉಳಿಯುವ ಜನ ಎಷ್ಟು? ಮನುಷ್ಯನ ಮನಸ್ಸನ್ನು ಕುರಿತ ಶಾಸ್ತ್ರಕ್ಕೆ ಹೊರಗುಳಿದ ಜನರನ್ನು ಮರೆತು ನಡೆಯುವುದು ಸಲ್ಲದು. ಒಂದೇ ಕೈಯಿಂದ ಪ್ರಯೋಗಶಾಲೆಯೂ ಪ್ರಸಾರ ಕೇಂದ್ರವೂ ಹುಟ್ಟಿದವೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಮುಂದಿನ ಕಥೆಯನ್ನು ತೂಗಿ ನೋಡುವುದಕ್ಕೆ ಒಂದು ತಕ್ಕಡಿ ದೊರೆತಂತಾಗುತ್ತದೆ.

ಸಮಾಜಶಾಸ್ತ್ರವೂ ಮೈಸೂರಿನಲ್ಲಿ ಬೇಗನೆ ಬೇರು ಬಿಟ್ಟಿತು. ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎ. ಆರ್. ವಾಡಿಯಾ ಅವರ ಆಸಕ್ತಿಯಿಂದ ‘ಸಾಮಾಜಿಕ ತತ್ತ್ವಶಾಸ್ತ್ರ’ ಎಂಬ ಆನರ್ಸ್ ತರಗತಿ ನಡೆಯುತ್ತಿತ್ತು. ಆ ತರಗತಿಯಿಂದ 1936ರಲ್ಲಿ ಹೊರಬಂದ ಒಬ್ಬ ವಿದ್ಯಾರ್ಥಿಯೇ ಎಂ. ಎನ್. ಶ್ರೀನಿವಾಸ್. ಅವರು ಮುಂಬಯಿಯಲ್ಲಿ ಘುರ್ಯೆ ಅವರ ಬಳಿಯೂ ತರುವಾಯ ಆಕ್ಸ್‌ಫರ್ಡಿನಲ್ಲಿಯೂ ಅಭ್ಯಾಸ ಮಾಡಿ, ಕೊಡಗಿನವರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥವನ್ನು 1952ರಲ್ಲಿ ಪ್ರಕಟಿಸಿದರು. ಆದರೆ ಅವರ ಹೆಸರನ್ನು ಮನೆಮಾತು ಮಾಡಿದ್ದು ಮೈಸೂರಿನ ಸಮೀಪದ ಒಂದು ಹಳ್ಳಿ. ಅದನ್ನು ಅವರು ‘ರಾಂಪುರ’ವೆಂಬ ಮರೆಹೆಸರಿನಿಂದ ಕರೆದರು. 1948ರಲ್ಲಿ ಅಲ್ಲಿ ಮನೆ ಮಾಡಿಕೊಂಡು, ಗೌಡರ ಜಗಲಿಯಲ್ಲಿ ಕುಳಿತು, ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ, ಯಾರ ಜಗಳವನ್ನು ಯಾರು ಬಿಡಿಸುತ್ತಾರೆ ಎಂಬುದನ್ನೆಲ್ಲ ಕಂಡು ಬರೆದಿಟ್ಟರು.

ಆ ಟಿಪ್ಪಣಿಗಳಿಗೆ ಒದಗಿದ ಗತಿ ಮನಕರಗಿಸುವಂಥದು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರು ಪುಸ್ತಕ ಬರೆಯಲು ಕುಳಿತಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಹದಿನೆಂಟು ವರ್ಷ ಕೂತು ಸಿದ್ಧಪಡಿಸಿದ್ದ ಟಿಪ್ಪಣಿಗಳ ಪ್ರತಿಗಳೆಲ್ಲ ಸುಟ್ಟುಹೋದವು. ಶ್ರೀನಿವಾಸರು ಬಹುಮಟ್ಟಿಗೆ ನೆನಪಿನ ಬಲದಿಂದಲೇ ಆ ಹಳ್ಳಿಯನ್ನು ಮತ್ತೆ ಕಟ್ಟಿದರು. ಆ ಗ್ರಂಥ 1976ರಲ್ಲಿ ಹೊರಬಂದಿತು. ಕಾಗದ ಸುಟ್ಟರೂ ಸುಡದೆ ಉಳಿದದ್ದು ಅವರು ಆ ಜನರ ನಡುವೆ ಬಾಳಿದ ಬಾಳು. ಸಮಾಜಶಾಸ್ತ್ರದಲ್ಲಿ ಕೋಶಕ್ಕಿರುವ ಬೆಲೆ ಎಷ್ಟು, ದೇಶಕ್ಕಿರುವ ಬೆಲೆ ಎಷ್ಟು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ಇದೆಲ್ಲ ಹಳೆಯ ಮೈಸೂರಿನ ಮಾತಾಯಿತು. ತುಂಗಭದ್ರೆಯ ದಡದ ನಮ್ಮ ಸೀಮೆಯ ಸ್ಥಿತಿ ಆಗ ಹೇಗಿತ್ತು? ಹೊಸಪೇಟೆ, ಸಂಡೂರು, ಕಂಪ್ಲಿಗಳ ಈ ಪ್ರದೇಶದಲ್ಲಿ ಸಂಡೂರು ತನ್ನದೇ ರಾಜಮನೆತನದ ಸಣ್ಣ ಸಂಸ್ಥಾನ. ಉಳಿದುದು ಮದರಾಸು ಪ್ರಾಂತಕ್ಕೆ ಸೇರಿದ ಬಳ್ಳಾರಿ ಜಿಲ್ಲೆ. ಕನ್ನಡದ ಹುಡುಗ ಹೆಚ್ಚಿನ ಓದಿಗೆ ಮದರಾಸಿನ ವಿಶ್ವವಿದ್ಯಾನಿಲಯದ ಕಡೆಗೆ ಮುಖ ಮಾಡಬೇಕಾಗಿತ್ತು. ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಹುಟ್ಟಿದ್ದು 1945ರಲ್ಲಿ. ಜಿಲ್ಲೆಯ ಕನ್ನಡ ಭಾಗವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದೇ ವರ್ಷ ತುಂಗಭದ್ರೆಯ ಅಣೆಕಟ್ಟಿನ ಕೆಲಸವೂ ಕೈಗೂಡಿತು. ಕಾಲುವೆಯಲ್ಲಿ ನೀರು ಬಂದಿತು. ಜೋಳ ಬೆಳೆಯುತ್ತಿದ್ದ ಎರೆಯ ಹೊಲಗಳು ಭತ್ತದ ಗದ್ದೆಗಳಾದವು.

ನೀರು ಬಂದರೆ ಬೆಳೆ ಮಾತ್ರ ಬದಲಾಗುತ್ತದೆಯೆ, ಜನರ ಸಂಬಂಧವೂ ಬದಲಾಗುತ್ತದೆಯೆ? ಇದು ನಿಜವಾದ ಸಮಾಜಶಾಸ್ತ್ರದ ಪ್ರಶ್ನೆ. ಮಂಡ್ಯದ ಕಡೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಎರಡು ಹಳ್ಳಿಗಳಲ್ಲಿದ್ದು ಇದನ್ನು ಪರೀಕ್ಷಿಸಿದರು. ಒಂದು ಊರಿಗೆ ಕಾಲುವೆಯ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ಅವರು ಕಂಡ ಸಂಗತಿ ಎಲ್ಲರ ನಿರೀಕ್ಷೆಗೂ ಹೊರತಾಗಿತ್ತು. ನೀರು ಬಂದ ಊರಿನ ಜನ ಬೇಸಾಯದಲ್ಲಿಯೇ ಉಳಿದು ಹಳೆಯ ನಡವಳಿಕೆಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿದ್ದರು. ನೀರು ಬಾರದ ಊರಿನವರು ಪೇಟೆಯ ಕಡೆಗೆ ತಿರುಗಿ ವ್ಯಾಪಾರ, ಗಾಡಿ, ನೌಕರಿಗಳನ್ನು ಹಿಡಿದು ಹೆಚ್ಚು ಬದಲಾಗಿದ್ದರು. ಅವರ ಪುಸ್ತಕ 1962ರಲ್ಲಿ ಪ್ರಕಟವಾಯಿತು. ಅದೇ ಪ್ರಶ್ನೆಯನ್ನು ಕಂಪ್ಲಿಯ ಸೀಮೆಯ ಎಮ್ಮಿಗನೂರಿನಂಥ ಊರಿನ ಒಬ್ಬ ವಿದ್ಯಾರ್ಥಿ ತನ್ನ ಊರಿನಲ್ಲಿಯೇ ಕೇಳಬಹುದಾಗಿತ್ತು. ಆದರೆ ಹಾಗೆ ಕೇಳುವುದನ್ನು ಕಲಿಸುವ ಪಾಠ ಆ ಊರಿಗೆ ತಲುಪಬೇಕಾಗಿತ್ತು.

ಪಾಠವನ್ನು ದೂರಕ್ಕೆ ತಲುಪಿಸುವ ಪ್ರಯತ್ನ ಹಳೆಯದು. ಲಂಡನ್ ವಿಶ್ವವಿದ್ಯಾನಿಲಯವು ತನ್ನ ಕಾಲೇಜುಗಳಲ್ಲಿ ಓದದವರಿಗೂ ಪರೀಕ್ಷೆಗೆ ಕೂಡುವ ಅವಕಾಶವನ್ನು 1858ರಲ್ಲಿಯೇ ಕೊಟ್ಟಿತ್ತು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾನಿಲಯವು 1962ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅಂಚೆ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಅದೇ 1969ರಲ್ಲಿ ಬ್ರಿಟನ್ನಿನಲ್ಲಿ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸನ್ನದು ದೊರೆಯಿತು. ರೇಡಿಯೋ ಮತ್ತು ಟೆಲಿವಿಷನ್ನುಗಳನ್ನು ಪಾಠಕ್ಕೆ ಬಳಸಿಕೊಂಡು 1971ರಲ್ಲಿ ಅದು ಓದಿಸಲು ತೊಡಗಿದಾಗ, ಮೊದಲ ವಿಷಯಗಳಲ್ಲಿ ಸಮಾಜವಿಜ್ಞಾನವೂ ಒಂದಾಗಿತ್ತು.

ಅಂಚೆ ಶಿಕ್ಷಣದ ಕ್ರಮವನ್ನು ಕಂಡವರು ಇಂದಿಗೂ ಅನೇಕರಿದ್ದಾರೆ. ಕಂದು ಬಣ್ಣದ ಲಕೋಟೆಯಲ್ಲಿ ಪಾಠದ ಪುಸ್ತಿಕೆಗಳು ಬರುತ್ತಿದ್ದವು. ಅವುಗಳನ್ನು ಓದಿ ಪ್ರಶ್ನೆಗಳಿಗೆ ಉತ್ತರ ಬರೆದು ಕಳುಹಿಸಿದರೆ, ಅಧ್ಯಾಪಕರು ತಿದ್ದಿ ಹಿಂದಕ್ಕೆ ಕಳುಹಿಸುತ್ತಿದ್ದರು. ರಜೆಯ ದಿನಗಳಲ್ಲಿ ಕೆಲವು ದಿನ ಸಂಪರ್ಕ ತರಗತಿ ನಡೆಯುತ್ತಿತ್ತು. ಗುಮಾಸ್ತರು, ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಮದುವೆಯಾಗಿ ಓದು ನಿಂತ ಹೆಣ್ಣುಮಕ್ಕಳು, ಪೋಲೀಸರು, ಕಂಡಕ್ಟರರು ಹೀಗೆ ಓದಿ ಪದವೀಧರರಾದರು. ಸಂಪರ್ಕ ತರಗತಿಯ ಬೆಂಚಿನ ಮೇಲೆ ತಂದೆಯ ವಯಸ್ಸಿನವರೂ ಮಗನ ವಯಸ್ಸಿನವರೂ ಪಕ್ಕದಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುವ ದೃಶ್ಯವೇ ಸಮಾಜಶಾಸ್ತ್ರದ ಒಂದು ಪಾಠವಾಗಿತ್ತು.

ಆಕಾಶಮಾರ್ಗದಿಂದಲೂ ಪಾಠ ಬಂದಿತು. 1975ರ ಆಗಸ್ಟ್‌ನಿಂದ ಒಂದು ವರ್ಷ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳನ್ನು ಕಳುಹಿಸುವ ಪ್ರಯೋಗ ದೇಶದ ಆರು ರಾಜ್ಯಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳನ್ನು. ಕಂಪ್ಲಿಯ ಹೊಳೆಯಾಚೆಯ ಗಂಗಾವತಿ ಆಗ ರಾಯಚೂರು ಜಿಲ್ಲೆಗೆ ಸೇರಿದ್ದಾಗಿತ್ತು. ಹೀಗೆ ಈ ಹೊಸತನವು ನಮ್ಮ ಸೀಮೆಯ ಎದುರು ದಡದವರೆಗೆ ಬಂದು ನಿಂತಿತ್ತು.

ಮುಂದಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. 1982ರಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿತು. 1985ರಲ್ಲಿ ದೆಹಲಿಯಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1996ರಲ್ಲಿ ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 2017ರಲ್ಲಿ ಕೇಂದ್ರ ಸರ್ಕಾರವು ‘ಸ್ವಯಂ’ ಎಂಬ ಹೆಸರಿನಿಂದ ಅಂತರ್ಜಾಲದ ಪಾಠಗಳನ್ನು ತೆರೆಯಿತು. 2020ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ದೂರಶಿಕ್ಷಣಕ್ಕೂ ಆನ್‌ಲೈನ್ ಶಿಕ್ಷಣಕ್ಕೂ ಸೇರಿ ಒಂದೇ ನಿಯಮಾವಳಿಯನ್ನು ಮಾಡಿತು. ಮಾನ್ಯತೆ ಪಡೆದ ಸಂಸ್ಥೆಯಿಂದ ಹೀಗೆ ಗಳಿಸಿದ ಪದವಿಯು ಕಾಲೇಜಿಗೆ ಹೋಗಿ ಗಳಿಸಿದ ಪದವಿಗೆ ಸಮಾನವೆಂದು ಆಯೋಗವು 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು.

ದಾರಿಯೇನೂ ಹೂವಿನದಾಗಿರಲಿಲ್ಲ. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012–13ನೆಯ ಸಾಲಿನ ನಂತರ ಮಾನ್ಯತೆ ಇಲ್ಲವೆಂದು ಆಯೋಗವು 2015ರಲ್ಲಿ ಪ್ರಕಟಿಸಿತು. ಮತ್ತೆ ಮಾನ್ಯತೆ ದೊರೆತದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಹಣ ಕಟ್ಟಿ, ರಾತ್ರಿಯ ನಿದ್ದೆ ಕೆಟ್ಟು ಓದಿದವರ ಕಳವಳವನ್ನು ಊಹಿಸುವುದು ಕಷ್ಟವಲ್ಲ. ಕಾಲೇಜಿನ ವಿದ್ಯಾರ್ಥಿಗೆ ಕಟ್ಟಡವಾದರೂ ಕಣ್ಣಮುಂದೆ ಇರುತ್ತದೆ, ಕೇಳುವುದಕ್ಕೆ ಒಂದು ಬಾಗಿಲಿರುತ್ತದೆ. ದೂರದ ವಿದ್ಯಾರ್ಥಿಗೆ ಇರುವುದು ನಂಬಿಕೆಯೊಂದೇ. ಆದ್ದರಿಂದ ಸೇರುವ ಮೊದಲು ಆಯಾ ವರ್ಷಕ್ಕೆ, ಆಯಾ ವಿಷಯಕ್ಕೆ ಮಾನ್ಯತೆ ಇದೆಯೇ ಎಂಬುದನ್ನು ಆಯೋಗದ ಪಟ್ಟಿಯಲ್ಲಿಯೇ ನೋಡಿ ತಿಳಿಯತಕ್ಕದ್ದು.

ಇನ್ನು ಆನ್‌ಲೈನ್ ಪಾಠವೆಂದರೆ ಏನೆಂಬುದನ್ನು ನೋಡೋಣ. ಅದಕ್ಕೆ ನಾಲ್ಕು ಅಂಗಗಳಿರಬೇಕೆಂಬುದು ಒಪ್ಪಿದ ಕ್ರಮ: ಅಧ್ಯಾಪಕರ ದೃಶ್ಯಪಾಠ, ಓದುವ ಬರಹ, ಸಂಶಯಗಳ ಚರ್ಚೆ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು. ಎಮ್ಮಿಗನೂರಿನಂಥ ಊರಿನ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ಪಿಯುಸಿ ಮುಗಿದ ಮೇಲೆ ಮನೆಯಲ್ಲಿ ಉಳಿದಿದ್ದಾಳೆ. ಬಳ್ಳಾರಿಗೋ ಹೊಸಪೇಟೆಗೋ ದಿನವೂ ಬಸ್ಸಿನಲ್ಲಿ ಹೋಗಿ ಬರುವುದಕ್ಕೆ ಮನೆಯವರ ಒಪ್ಪಿಗೆಯಿಲ್ಲ, ಅಥವಾ ನಾಟಿಯ ಕಾಲದಲ್ಲಿ ಕೈಯಾಳಿನ ಕೊರತೆ. ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಅವಳು ಪಾಠ ಕೇಳುತ್ತಾಳೆ. ಅವಳಿಗೆ ಈ ಎರಡು ಶಾಸ್ತ್ರಗಳು ದಕ್ಕುವುವೆ?

ಸಮಾಜಶಾಸ್ತ್ರ ದಕ್ಕುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಶ್ರೀನಿವಾಸರು ಹುಡುಕಿಕೊಂಡು ಹೋದ ಹಳ್ಳಿ ಅವಳ ಅಂಗಳದಲ್ಲಿಯೇ ಇದೆ. ತನ್ನ ಓಣಿಯ ಇಪ್ಪತ್ತು ಮನೆಗಳ ವಂಶಾವಳಿಯನ್ನು ಬರೆಯಬಹುದು. ಮುಯ್ಯಾಳಿನ ಪದ್ಧತಿ ಎಲ್ಲಿ ಉಳಿದಿದೆ, ಎಲ್ಲಿ ಕೂಲಿಗೆ ತಿರುಗಿದೆ ಎಂದು ಲೆಕ್ಕ ಹಾಕಬಹುದು. ಯಾವ ಮನೆಯ ಮಗಳು ಎಷ್ಟನೆಯ ತರಗತಿಗೆ ಶಾಲೆ ಬಿಟ್ಟಳೆಂದು ಕೇಳಬಹುದು. ಇಲ್ಲಿ ಒಂದು ತೊಡಕೂ ಉಂಟು. ಹುಟ್ಟಿದಂದಿನಿಂದ ಕಂಡದ್ದು ಕಣ್ಣಿಗೆ ಬೀಳುವುದೇ ಇಲ್ಲ. ಬೇರೆ ಊರಿನವನಿಗೆ ಆಶ್ಚರ್ಯವಾಗಿ ತೋರುವುದು ನಮಗೆ ‘ಇದ್ದದ್ದೇ’ ಎನಿಸುತ್ತದೆ. ಆ ‘ಇದ್ದದ್ದೇ’ ಎಂಬ ಮಾತನ್ನು ಮರಳಿ ಪ್ರಶ್ನಿಸುವಂತೆ ಮಾಡುವುದೇ ದೂರದಿಂದ ಬರುವ ಪಾಠದ ಕೆಲಸ. ಕೋಶ ದೂರದಿಂದ ಬಂದರೂ, ದೇಶ ಅವಳ ಬಳಿಯೇ ಇದೆ.

ಮನಶ್ಶಾಸ್ತ್ರಕ್ಕೆ ಬಂದರೆ ಮಾತು ಸ್ವಲ್ಪ ಬೇರೆ. ಅಲ್ಲಿ ಪ್ರಯೋಗ ಕಡ್ಡಾಯ. ಕೆಲವು ಪ್ರಯೋಗಗಳು ಬಹಳ ಸರಳ. ಒಂದೇ ಅಳತೆಯ ಎರಡು ಗೆರೆಗಳನ್ನು ಎಳೆದು, ಒಂದರ ತುದಿಗಳಿಗೆ ಒಳಮುಖವಾದ ಬಾಣದ ಗರಿಗಳನ್ನೂ ಇನ್ನೊಂದಕ್ಕೆ ಹೊರಮುಖವಾದ ಗರಿಗಳನ್ನೂ ಬರೆದರೆ, ಅಳತೆ ಗೊತ್ತಿದ್ದವನ ಕಣ್ಣಿಗೂ ಎರಡನೆಯದು ಉದ್ದವಾಗಿ ಕಾಣುತ್ತದೆ. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಆಕಾರದ ಮೇಲೆ ಪೆನ್ಸಿಲ್ ನಡೆಸಿದರೆ, ಮೊದಲ ಸಲ ಕೈ ದಾರಿ ತಪ್ಪುತ್ತದೆ. ಹತ್ತನೆಯ ಸಲಕ್ಕೆ ಸರಾಗವಾಗುತ್ತದೆ. ಕಲಿಕೆ ಎಂದರೇನೆಂಬುದು ಆಗ ಕೈಗೇ ತಿಳಿಯುತ್ತದೆ. ಇವುಗಳನ್ನು ಮನೆಯ ಹಜಾರದಲ್ಲಿಯೇ ಮಾಡಬಹುದು. ಆದರೆ ಇವಕ್ಕೆ ಇಬ್ಬರು ಬೇಕು: ಪ್ರಯೋಗ ಮಾಡುವವರೊಬ್ಬರು, ಒಳಗಾಗುವವರೊಬ್ಬರು. ಎದುರಿಗೆ ಕುಳಿತ ತಮ್ಮನು ನಗುತ್ತಿದ್ದಾನೆಯೆ, ದಣಿದಿದ್ದಾನೆಯೆ, ಅಕ್ಕನನ್ನು ಮೆಚ್ಚಿಸಲು ಉತ್ತರ ಹೇಳುತ್ತಿದ್ದಾನೆಯೆ ಎಂಬುದನ್ನು ಗಮನಿಸಲು ಕಲಿಸುವ ಮೂರನೆಯವರೂ ಬೇಕು. ಮೊದಲಿನಿಬ್ಬರು ಹಳ್ಳಿಯಲ್ಲಿದ್ದಾರೆ. ಮೂರನೆಯವರೇ ಇಲ್ಲ.

ಭಾಷೆಯ ತೊಡಕೂ ಸಣ್ಣದಲ್ಲ. ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರದ ಪದವಿಪಾಠಗಳು ಇಂಗ್ಲಿಷ್, ಹಿಂದಿಗಳಲ್ಲಿ ಬಂದವು. ದುಃಖ, ಭಯ, ನಾಚಿಕೆಗಳನ್ನು ಕನ್ನಡದಲ್ಲಿ ಅನುಭವಿಸಿದವಳು ಅವುಗಳ ಶಾಸ್ತ್ರವನ್ನು ಬೇರೆ ನುಡಿಯಲ್ಲಿ ಬಾಯಿಪಾಠ ಮಾಡಬೇಕಾಯಿತು. ಕನ್ನಡದಲ್ಲಿ ಸಾಮಗ್ರಿಯೇ ಇಲ್ಲವೆಂದಲ್ಲ. ‘ಕೊರವಂಜಿ’ಯ ಸಂಪಾದಕರಾಗಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರು, ನಾವೆಲ್ಲ ‘ರಾಶಿ’ ಎಂದು ಬಲ್ಲವರು, ಮನಸ್ಸಿನ ಒಳಹೊರಗನ್ನು ವಿವರಿಸಿ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಡಾ. ಸಿ. ಆರ್. ಚಂದ್ರಶೇಖರ್ ಅವರು ಮನೋರೋಗಗಳನ್ನು ಕುರಿತು ಸುಲಭವಾದ ಕನ್ನಡದಲ್ಲಿ ಹಲವಾರು ಪುಸ್ತಕಗಳನ್ನು ಬರೆದಿದ್ದಾರೆ. ಕನ್ನಡಕ್ಕೆ ಶಕ್ತಿ ಇದೆಯೆಂಬುದಕ್ಕೆ ಇವೇ ಸಾಕ್ಷಿ.

ಈಗ ನಮ್ಮ ಜಿಲ್ಲೆಯವರು ಹೆಮ್ಮೆಯಿಂದ ನೆನೆಯಬೇಕಾದ ಒಂದು ಅಧ್ಯಾಯಕ್ಕೆ ಬರುತ್ತೇನೆ. 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯು ರೂಪುಗೊಂಡಿತು. ಮನೋರೋಗಿಗಳೆಲ್ಲ ಬೆಂಗಳೂರಿಗೇ ಬರಬೇಕೆಂದರೆ ಆಗದ ಮಾತು. ವೈದ್ಯವೇ ಅವರಿದ್ದಲ್ಲಿಗೆ ಹೋಗಬೇಕೆಂಬುದು ಅಲ್ಲಿನ ಕೆಲವು ವೈದ್ಯರ ನಿಲುವಾಗಿತ್ತು. ಮೊದಲು ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಸಣ್ಣ ಪ್ರಮಾಣದಲ್ಲಿ ಅದನ್ನು ಮಾಡಿ ನೋಡಿದರು. ಆಮೇಲೆ ಇಡೀ ಒಂದು ಜಿಲ್ಲೆಯಲ್ಲಿ ಪರೀಕ್ಷಿಸಲು ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ನಡೆದ ಆ ಕಾರ್ಯಕ್ರಮದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಕಾಲದ ತರಬೇತಿಯನ್ನು ಕೊಟ್ಟರು. ‘ಗಾಳಿ ಬಡಿದಿದೆ’ ಎಂದು ಗುಡಿ ಗುಂಡಾರ ಸುತ್ತಿಸುತ್ತಿದ್ದ ರೋಗಿಯನ್ನು ಗುರುತಿಸುವುದು, ಮೂರ್ಛೆರೋಗದವರಿಗೆ ಔಷಧಿ ತಪ್ಪದಂತೆ ನೋಡಿಕೊಳ್ಳುವುದು, ಮನೆಯವರಿಗೆ ತಿಳಿಹೇಳುವುದು, ಇವೇ ಅವರ ಕೆಲಸ.

ದೊಡ್ಡ ಆಸ್ಪತ್ರೆಯಿಲ್ಲದೆಯೂ, ಊರಿನ ಆರೋಗ್ಯ ಕೇಂದ್ರದಲ್ಲಿಯೇ ಮನೋರೋಗಗಳಿಗೆ ಶುಶ್ರೂಷೆ ದೊರೆಯಬಲ್ಲುದೆಂದು ಬಳ್ಳಾರಿ ತೋರಿಸಿಕೊಟ್ಟಿತು. 1996ರಲ್ಲಿ ಭಾರತ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಬೇರೆ ಬೇರೆ ರಾಜ್ಯಗಳ ಜಿಲ್ಲೆಗಳಲ್ಲಿ ಆರಂಭಿಸಿದಾಗ ಅದಕ್ಕೆ ಮಾದರಿಯಾದದ್ದು ಇದೇ. ಪುಸ್ತಕಗಳಲ್ಲಿ ಅದನ್ನು ‘ಬಳ್ಳಾರಿ ಮಾದರಿ’ ಎಂದೇ ಕರೆಯುತ್ತಾರೆ. ಮನಶ್ಶಾಸ್ತ್ರದ ಆನ್‌ಲೈನ್ ಪಾಠದಲ್ಲಿ ದೂರದ ರಾಜ್ಯದ ವಿದ್ಯಾರ್ಥಿಯು ಈ ಹೆಸರನ್ನು ಓದುತ್ತಿರುವಾಗ, ಅದೇ ಜಿಲ್ಲೆಯ ಹೆಣ್ಣುಮಗಳು ತನ್ನ ಊರಿನ ಆರೋಗ್ಯ ಕೇಂದ್ರವೇ ಆ ಚರಿತ್ರೆಯ ನೆಲವೆಂಬುದನ್ನು ಅರಿಯದೆ ಉಳಿದರೆ ವಿಷಾದಕರ.

ಇಷ್ಟು ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು 2025ರ ಆಜ್ಞೆಯನ್ನು ನೋಡಬೇಕು. ಆರೋಗ್ಯಕ್ಕೆ ಸಂಬಂಧಿಸಿದ ವೃತ್ತಿಗಳಿಗೆ ಒಂದು ಶಿಸ್ತು ತರಲು 2021ರಲ್ಲಿ ಸಂಸತ್ತು ಒಂದು ಕಾನೂನನ್ನು ಮಾಡಿ ರಾಷ್ಟ್ರೀಯ ಆಯೋಗವೊಂದನ್ನು ಏರ್ಪಡಿಸಿತು. ಆ ಕಾನೂನಿನ ಪಟ್ಟಿಯಲ್ಲಿ ಮನಶ್ಶಾಸ್ತ್ರಜ್ಞರೂ ಸೇರಿದ್ದಾರೆ. ಅದನ್ನು ಅನುಸರಿಸಿ 2025ರ ಆಗಸ್ಟ್‌ನಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು, 2025ರ ಜುಲೈ–ಆಗಸ್ಟ್ ಸಾಲಿನಿಂದ ಮನಶ್ಶಾಸ್ತ್ರವೇ ಮೊದಲಾದ ಈ ಬಗೆಯ ವಿಷಯಗಳಿಗೆ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಹೊಸಬರನ್ನು ಸೇರಿಸಿಕೊಳ್ಳಕೂಡದೆಂದು ತಿಳಿಸಿತು. ಹಲವು ವಿಷಯಗಳಿರುವ ಬಿ.ಎ. ಪದವಿಯಲ್ಲಿ ಕಾನೂನಿಗೆ ಒಳಪಟ್ಟ ವಿಷಯವನ್ನು ಮಾತ್ರ ತೆಗೆಯಬೇಕು, ಉಳಿದವು ನಡೆಯಬಹುದು ಎಂದೂ ಹೇಳಿತು. ಹೀಗಾಗಿ ಸಮಾಜಶಾಸ್ತ್ರದ ಬಾಗಿಲು ತೆರೆದೇ ಉಳಿಯಿತು. ಮನಶ್ಶಾಸ್ತ್ರದ ಬಾಗಿಲು ಮುಚ್ಚಿತು.

ಈ ನಿರ್ಧಾರದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಮನನೊಂದವರಿಗೆ ಸಲಹೆ ಹೇಳುವ ಕೆಲಸ ನಾಜೂಕಿನದು. ಎದುರಿಗೆ ಕುಳಿತು, ಅನುಭವಸ್ಥರ ಕಣ್ಣಮುಂದೆ ಪಳಗದವರು ಆ ಕೆಲಸಕ್ಕೆ ಕೈಹಾಕಿದರೆ ಕೇಡಾಗುತ್ತದೆ. ಬಿ.ಎ. ಪದವಿಯೊಂದೇ, ಅದು ಕಾಲೇಜಿನದಾಗಲಿ ಆನ್‌ಲೈನಿನದಾಗಲಿ, ಯಾರನ್ನೂ ಮನೋಚಿಕಿತ್ಸಕರನ್ನಾಗಿ ಮಾಡುವುದಿಲ್ಲವೆಂಬುದನ್ನು ಓದುವವರೂ ಓದಿಸುವವರೂ ತಿಳಿದಿರಬೇಕು. ಆದರೆ ಮನಶ್ಶಾಸ್ತ್ರವನ್ನು ಓದುವವರೆಲ್ಲ ಚಿಕಿತ್ಸಕರಾಗಲು ಹೊರಟವರಲ್ಲ. ಅಂಗನವಾಡಿಯಲ್ಲಿ ಮಕ್ಕಳ ನಡುವೆ ದುಡಿಯುವವಳು, ಶಾಲೆಯ ಉಪಾಧ್ಯಾಯ, ಮಂಕು ಕವಿದ ಅವ್ವನನ್ನು ನೋಡಿಕೊಳ್ಳುವ ಮಗಳು, ಇವರಿಗೂ ಆ ಶಾಸ್ತ್ರ ಬೇಕು. ಚಿಕಿತ್ಸೆ ಮಾಡಲು ಅಲ್ಲ. ಯಾವಾಗ ವೈದ್ಯರ ಬಳಿಗೆ ಕರೆದೊಯ್ಯಬೇಕೆಂದು ತಿಳಿಯಲು, ಬಯ್ಯುವುದನ್ನು ಬಿಟ್ಟು ಕೇಳಿಸಿಕೊಳ್ಳುವುದನ್ನು ಕಲಿಯಲು.

ಕೊರತೆ ಇದ್ದದ್ದು ಆ ಮೂರನೆಯ ವ್ಯಕ್ತಿಯದು ಎಂದು ಮೇಲೆ ಹೇಳಿದೆ. ಹಾಗಾದರೆ ಅದಕ್ಕೆ ಮದ್ದು ಬಾಗಿಲು ಮುಚ್ಚುವುದೊಂದೇ ಅಲ್ಲ. ಆ ಮೂರನೆಯವರನ್ನು ಹತ್ತಿರಕ್ಕೆ ತರುವುದೂ ಒಂದು ಮದ್ದು. ಹೊಸಪೇಟೆಯಲ್ಲಿ, ಬಳ್ಳಾರಿಯಲ್ಲಿ ಕಾಲೇಜುಗಳಿವೆ. ಬಳ್ಳಾರಿಯಲ್ಲಿ 2010ರಿಂದ ವಿಶ್ವವಿದ್ಯಾನಿಲಯವೇ ಇದೆ. ಹಂಪಿಯಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ. ಓದು ಮನೆಯಲ್ಲಿ, ಪ್ರಯೋಗ ಹತ್ತಿರದ ಪಟ್ಟಣದಲ್ಲಿ, ತಿಂಗಳಿಗೆ ಎರಡು ದಿನ ಗುರುವಿನ ಎದುರು ಎಂಬ ಏರ್ಪಾಡು ಅಸಾಧ್ಯವಾದುದೇನೂ ಅಲ್ಲ. ದಿನವೂ ಬಸ್ಸು ಹತ್ತಲಾಗದವಳೂ ತಿಂಗಳಿಗೆರಡು ದಿನ ಹತ್ತಬಲ್ಲಳು. ಅಂಚೆ ಶಿಕ್ಷಣದ ಕಾಲದ ಸಂಪರ್ಕ ತರಗತಿ ಇದನ್ನೇ ಅಲ್ಲವೆ ಮಾಡುತ್ತಿದ್ದುದು? ಬಳ್ಳಾರಿ ಮಾದರಿ ಕಲಿಸಿದ ಪಾಠವೂ ಅದೇ: ಪರಿಣತರು ಎಲ್ಲರ ಮನೆಗೂ ಬರಲಾರರು, ಎಲ್ಲರೂ ಪರಿಣತರ ಬಳಿಗೆ ಹೋಗಲಾರರು, ನಡುವೆ ಒಂದು ತಾಣ ಬೇಕು.

ಗೋಪಾಲಸ್ವಾಮಿಯವರು ಕಾಲೇಜಿನಲ್ಲಿ ಪ್ರಯೋಗಶಾಲೆಯನ್ನು ಕಟ್ಟಿ, ಮನೆಯಿಂದ ರೇಡಿಯೋ ನುಡಿಸಿದರು. ದೂರಕ್ಕೆ ಹೇಳುವುದೂ ಎದುರಿಗೆ ತೋರಿಸುವುದೂ ಅವರಿಗೆ ಒಂದಕ್ಕೊಂದು ವಿರೋಧವಾಗಿ ಕಾಣಲಿಲ್ಲ. ಈ ತೊಂಬತ್ತು ವರ್ಷಗಳಲ್ಲಿ ಯಂತ್ರಗಳು ಬಹಳ ಮುಂದುವರಿದಿವೆ. 30 ವಾಟಿನ ಪ್ರೇಷಕದಿಂದ ಆಗದಿದ್ದದ್ದು ಇಂದು ಅಂಗೈಯಲ್ಲಿ ಆಗುತ್ತಿದೆ. ಎಮ್ಮಿಗನೂರಿನ ಮನೆಯಲ್ಲಿ ರಾತ್ರಿ ದೀಪದ ಕೆಳಗೆ ಕುಳಿತು ಪಾಠ ಕೇಳುವ ಹೆಣ್ಣುಮಗಳಿಗೆ ಅರ್ಧ ಶಾಸ್ತ್ರ ಬಂದು ತಲುಪಿದೆ. ಉಳಿದರ್ಧಕ್ಕೆ ಅವಳು ಎಷ್ಟು ದೂರ ನಡೆಯಬೇಕು, ನಾವು ಎಷ್ಟು ದೂರ ಎದುರು ಹೋಗಬೇಕು ಎಂಬುದನ್ನು ಇನ್ನು ನಿಶ್ಚಯಿಸಬೇಕಾದವರು ನಾವು.